ಎಳೆಯ ಮಕ್ಕಳ ದೈನಂದಿನ ಕೌಶಲಗಳು

ಊಟ, ಉಡುಪು, ಶೌಚ, ಸ್ವಚ್ಛತೆ ಮುಂತಾದ ನಿತ್ಯದ ಅಗತ್ಯಗಳನ್ನು ಮಗು ತಾನೇ ನೋಡಿಕೊಳ್ಳಲು ಬೇಕಾಗುವ ಸಾಮರ್ಥ್ಯಗಳು. ಇವುಗಳ ಬುನಾದಿ ಬೀಳುವುದು ಹೆಚ್ಚಾಗಿ ಒಂದರಿಂದ ಆರು ವರ್ಷದೊಳಗೆ. ಬೆರಳುಗಳ ಹಿಡಿತ, ಕಣ್ಣು-ಕೈಗಳ ಹೊಂದಾಣಿಕೆ, ಕೆಲಸದ ಹಂತಗಳ ನೆನಪು, ಮಾತು ಇವೆಲ್ಲ ಜೊತೆಯಾಗಿ ಬೆಳೆಯಬೇಕಾದ್ದರಿಂದ ಕಲಿಕೆ ನಿಧಾನವಾಗಿ ಸಾಗುತ್ತದೆ. ಮಗು ಮಾಡಬಲ್ಲದ್ದನ್ನು ಅದಕ್ಕೇ ಬಿಟ್ಟು, ಉಳಿದದ್ದಕ್ಕಷ್ಟೇ ಕೈಜೋಡಿಸಿ, ಆ ನೆರವನ್ನೂ ದಿನಕಳೆದಂತೆ ಕಡಿಮೆ ಮಾಡುವುದು ಹೆತ್ತವರ ಮುಖ್ಯ ಕೆಲಸ.

ವಯಸ್ಸು ಮತ್ತು ಸಿದ್ಧತೆ

ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆ ಮೆದು ಆಹಾರ ಆರಂಭವಾಗುತ್ತದೆ. ಒಂಬತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅನ್ನದ ಅಗುಳನ್ನು ಹೆಕ್ಕುವ ಹಿಡಿತ ಬರುತ್ತದೆ. ತಟ್ಟೆಗೆ ಕೈಹಾಕಿ ಚೆಲ್ಲಾಡುವುದು ಈ ಹಂತದ ಸಹಜ ಅಭ್ಯಾಸ. ಉಡುಪಿನ ವಿಷಯದಲ್ಲಿ ಕಳಚುವುದು ಮೊದಲು ಬರುತ್ತದೆ, ತೊಡುವುದು ಆಮೇಲೆ. ಎರಡೂವರೆ ವರ್ಷದ ಸುಮಾರಿಗೆ ಸಡಿಲ ಬಟ್ಟೆಯನ್ನು ಬಿಚ್ಚುವ ಮಗು, ಮೂರರ ಹೊತ್ತಿಗೆ ಕೆಲವನ್ನು ತಾನೇ ಹಾಕಿಕೊಳ್ಳುತ್ತದೆ. ಐದರ ಹೊತ್ತಿಗೆ ಕೆಲವು ಗುಂಡಿಗಳನ್ನು ಹಾಕಬಲ್ಲದು.

ಶೌಚದ ಅಭ್ಯಾಸಕ್ಕೆ ವಯಸ್ಸಿಗಿಂತ ಸಿದ್ಧತೆಯೇ ಮುಖ್ಯ. ಎರಡು ಗಂಟೆಯಷ್ಟು ಕಾಲ ಚಡ್ಡಿ ಒದ್ದೆಯಾಗದಿರುವುದು, ಬಂತೆಂದು ಮಾತಿನಲ್ಲೋ ಸನ್ನೆಯಲ್ಲೋ ಹೇಳುವುದು, ಸರಳ ಸೂಚನೆ ಪಾಲಿಸುವುದು ಅದರ ಲಕ್ಷಣಗಳು. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರ್ರಿ ಬ್ರಾಜೆಲ್ಟನ್ 1962ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಒತ್ತಾಯ ಮಾಡದೆ ಮಗುವಿನ ಸಿದ್ಧತೆಯನ್ನು ಅನುಸರಿಸುವ ಕ್ರಮವನ್ನು ಮುಂದಿಟ್ಟರು. ಬೈಗುಳ, ಹೊಡೆತದಿಂದ ಮಗು ಮಲವನ್ನು ತಡೆಹಿಡಿಯುವಂತಾಗಿ ಮಲಬದ್ಧತೆ ಬರಬಹುದು.

ಕಲಿಸುವ ಕ್ರಮ

ದೊಡ್ಡವರಿಗೆ ಒಂದೇ ಎನಿಸುವ ಕೆಲಸದಲ್ಲಿ ಮಗುವಿಗೆ ಹಲವು ಕೆಲಸಗಳಿರುತ್ತವೆ. ಕೈ ತೊಳೆಯುವುದೆಂದರೆ ನಲ್ಲಿ ತಿರುಗಿಸಬೇಕು, ಕೈ ನೆನೆಸಬೇಕು, ಸೋಪು ಹಚ್ಚಬೇಕು, ಬೆರಳ ಸಂದಿಗಳನ್ನು ಉಜ್ಜಬೇಕು, ತೊಳೆದು ಒರೆಸಿಕೊಳ್ಳಬೇಕು. ಹೆತ್ತವರು ಮಾತು ಕಡಿಮೆ ಮಾಡಿ, ನಿಧಾನವಾಗಿ ಮಾಡಿ ತೋರಿಸಿದರೆ ಮಗು ಪ್ರತಿ ಹಂತವನ್ನೂ ಗಮನಿಸಬಲ್ಲದು.

ಕೊನೆಯ ಹಂತವನ್ನು ಮೊದಲು ಕಲಿಸುವುದು ಪರಿಣಾಮಕಾರಿಯಾದ ಒಂದು ವಿಧಾನ. ಚಡ್ಡಿಯನ್ನು ಮಂಡಿಯವರೆಗೆ ತಾಯಿ ಏರಿಸಿ, ಸೊಂಟಕ್ಕೆ ಎಳೆದುಕೊಳ್ಳುವುದನ್ನು ಮಗುವಿಗೆ ಬಿಡುತ್ತಾಳೆ. ಅದು ಕೈಹತ್ತಿದ ಮೇಲೆ ಪಾದದಿಂದ ಎಳೆಯಲು ಬಿಡುತ್ತಾಳೆ. ಹೀಗೆ ಪ್ರತಿ ಸಲವೂ ಕೆಲಸ ಮಗುವಿನ ಕೈಯಲ್ಲೇ ಮುಗಿಯುವುದರಿಂದ ಅದರ ಉತ್ಸಾಹ ಕುಗ್ಗುವುದಿಲ್ಲ. ಮೆಚ್ಚುವಾಗಲೂ ‘ಜಾಣ’ ಎಂದಷ್ಟೇ ಹೇಳದೆ, ‘ಎರಡು ಗುಂಡಿ ನೀನೇ ಹಾಕಿಕೊಂಡೆಯಲ್ಲ!’ ಎಂದರೆ ತಾನು ಸಾಧಿಸಿದ್ದೇನು ಎಂಬುದು ಮಗುವಿಗೆ ತಿಳಿಯುತ್ತದೆ.

ಹಲ್ಲುಜ್ಜುವುದರಲ್ಲಿ ನೆರವು ಬಹುಕಾಲ ಬೇಕು. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಕಾಳಿನಷ್ಟು ಪೇಸ್ಟ್ ಸಾಕು. ಮಗು ತಾನೇ ಉಜ್ಜಿದರೂ ಸುಮಾರು ಏಳು ವರ್ಷದವರೆಗೆ ದೊಡ್ಡವರು ಇನ್ನೊಮ್ಮೆ ಉಜ್ಜಬೇಕು.

ಚಿಂತನೆ ಬೆಳೆದ ಬಗೆ

ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸೊರಿ 1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ‘ಮಕ್ಕಳ ಮನೆ’ ಎಂಬ ಶಾಲೆಯನ್ನು ತೆರೆದರು. ನೀರು ಸುರಿಯುವುದು, ಮೇಜು ಒರೆಸುವುದು, ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಗುಂಡಿ ಹಾಕಿ ತೆಗೆಯುವುದು ಅವರ ಪದ್ಧತಿಯ ಪಾಠಗಳಾದವು. ಶಿಕ್ಷಣತಜ್ಞ ಗಿಜುಭಾಯಿ ಬಧೇಕ 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿ ಈ ವಿಚಾರಗಳನ್ನು ಭಾರತೀಯ ಬದುಕಿಗೆ ಹೊಂದಿಸಿದರು. 1939ರಲ್ಲಿ ಮಾಂಟೆಸ್ಸೊರಿ ಅವರೇ ಮದರಾಸಿನ ಅಡ್ಯಾರ್‌ಗೆ ಬಂದು ಶಿಕ್ಷಕರಿಗೆ ತರಬೇತಿ ನೀಡಿದರು.

ಮಗು ಒಂಟಿಯಾಗಿ ಮಾಡಲಾರದ, ಆದರೆ ನೆರವಿನಿಂದ ಮಾಡಬಲ್ಲ ಕೆಲಸಗಳ ವಲಯದಲ್ಲೇ ಕಲಿಕೆ ನಡೆಯುತ್ತದೆ ಎಂದು ರಷ್ಯದ ಮನೋವಿಜ್ಞಾನಿ ಲೆವ್ ವೈಗಾಟ್ಸ್ಕಿ (1896–1934) ವಿವರಿಸಿದರು. 1976ರಲ್ಲಿ ಸಂಶೋಧಕರಾದ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್, ಮೂರರಿಂದ ಐದು ವರ್ಷದ ಮಕ್ಕಳು ಮರದ ತುಂಡುಗಳಿಂದ ಪಿರಮಿಡ್ ಕಟ್ಟುವಾಗ ದೊಡ್ಡವರ ನೆರವು ಹೇಗೆ ಕೆಲಸ ಮಾಡುತ್ತದೆಂದು ಅಧ್ಯಯನ ಮಾಡಿದರು. ಮಗುವಿನ ಮಟ್ಟಕ್ಕೆ ತಕ್ಕಂತೆ ಹೊಂದಿಸಿದ ಇಂಥ ನೆರವಿಗೆ ಶಿಕ್ಷಣಶಾಸ್ತ್ರದಲ್ಲಿ ದೊಡ್ಡ ಸ್ಥಾನವಿದೆ.

ಮನೆಗೆಲಸದಲ್ಲಿ ಪಾಲು

ಸಹಾಯ ಮಾಡುವ ಬಯಕೆ ಮಕ್ಕಳಲ್ಲಿ ಬೇಗ ಕಾಣುತ್ತದೆ. ದೊಡ್ಡವರ ಕೈಯಿಂದ ಜಾರಿದ ವಸ್ತುವನ್ನು ಹದಿನೆಂಟು ತಿಂಗಳ ಮಕ್ಕಳು ಕೇಳದೆಯೇ ಎತ್ತಿಕೊಟ್ಟುದನ್ನು ಮನೋವಿಜ್ಞಾನಿಗಳಾದ ಫೆಲಿಕ್ಸ್ ವಾರ್ನೆಕನ್ ಮತ್ತು ಮೈಕೆಲ್ ಟೊಮಾಸೆಲ್ಲೊ 2006ರಲ್ಲಿ ವರದಿ ಮಾಡಿದರು. ಗ್ವಾಟೆಮಾಲದ ಮಾಯಾ ಸಮುದಾಯದಲ್ಲಿ ಮಕ್ಕಳು ಹಿರಿಯರ ಕೆಲಸವನ್ನು ನೋಡುತ್ತ, ಅದರಲ್ಲಿ ಕೈಜೋಡಿಸುತ್ತ ಕಲಿಯುವುದನ್ನು ಮನೋವಿಜ್ಞಾನಿ ಬಾರ್ಬರಾ ರೊಗಾಫ್ ದಾಖಲಿಸಿದ್ದಾರೆ.

ಕರ್ನಾಟಕದ ಮನೆಗಳಲ್ಲೂ ಇಂಥ ಅವಕಾಶಗಳು ಹೇರಳ. ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಊಟಕ್ಕೆ ತಟ್ಟೆ ಇಡುವುದು, ಒಗೆದ ಬಟ್ಟೆ ಮಡಿಸುವುದು, ಚಪ್ಪಲಿ ಜೋಡಿಸುವುದು ಬೆರಳಿಗೂ ಬುದ್ಧಿಗೂ ಒಳ್ಳೆಯ ಪಾಠ. ಆದರೆ ಚಿಕ್ಕ ಮಕ್ಕಳು ಕಾಳನ್ನು ಬಾಯಿಗೋ ಮೂಗಿಗೋ ಹಾಕಿಕೊಳ್ಳುವ ಅಪಾಯವಿರುವುದರಿಂದ ಪಕ್ಕದಲ್ಲಿ ದೊಡ್ಡವರಿರಬೇಕು. ಒಲೆ, ಬಿಸಿನೀರು, ಈಳಿಗೆಮಣೆ ದೂರವಿರಬೇಕು. ಕೈಗೆಟಕುವ ಗೂಟ, ಗಟ್ಟಿಯಾದ ಕಾಲುಮಣೆ, ಸಣ್ಣ ಲೋಟ ಇದ್ದರೆ ಮಗು ಪ್ರತಿಯೊಂದಕ್ಕೂ ಇನ್ನೊಬ್ಬರನ್ನು ಕರೆಯಬೇಕಿಲ್ಲ. ಬೆಳಗಿನ ಗಡಿಬಿಡಿಯಲ್ಲಿ ಕಲಿಸಲು ಹೊರಟರೆ ಇಬ್ಬರಿಗೂ ಬೇಸರ. ರಜೆಯ ದಿನ ಅಥವಾ ಸಂಜೆಯ ಬಿಡುವು ಇದಕ್ಕೆ ಒಳ್ಳೆಯ ಹೊತ್ತು.

ಬೆಳವಣಿಗೆ ನಿಧಾನವಾದಾಗ

ಮಕ್ಕಳ ನಡುವೆ ಕೆಲವು ತಿಂಗಳ ಅಂತರ ಸಾಮಾನ್ಯ. ಕಲಿತದ್ದನ್ನು ಮಗು ಕಳೆದುಕೊಂಡರೆ, ಅಥವಾ ಹಲವು ಕೌಶಲಗಳಲ್ಲಿ ಒಟ್ಟಿಗೇ ಹಿಂದುಳಿದರೆ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಬೆಳವಣಿಗೆಯ ತೊಂದರೆಯಿರುವ ಮಕ್ಕಳಿಗಾಗಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1969ರಲ್ಲಿ ಆರಂಭವಾದ ಪೋರ್ಟೇಜ್ ಯೋಜನೆಯಲ್ಲಿ ಕಾರ್ಯಕರ್ತರು ಮನೆಗೇ ಬಂದು, ಕಲಿಸುವ ಕ್ರಮವನ್ನು ಹೆತ್ತವರಿಗೆ ಹೇಳಿಕೊಡುತ್ತಿದ್ದರು. ಈ ಮಾದರಿ ಮುಂದೆ ಭಾರತವೂ ಸೇರಿ ಹಲವು ದೇಶಗಳಿಗೆ ಹಬ್ಬಿತು. ಇಂಥ ಮಕ್ಕಳಿಗೆ ಹಂತಗಳು ಇನ್ನೂ ಚಿಕ್ಕದಾಗಿರಬೇಕು, ಅಭ್ಯಾಸ ಹೆಚ್ಚು ಸಲ ನಡೆಯಬೇಕು. ಕಲಿಸುವ ಕ್ರಮ ಮಾತ್ರ ಎಲ್ಲ ಮಕ್ಕಳಿಗೂ ಒಂದೇ.