ಕೌಂಟರು ಮೊದಲು, ಕಡತ ಆಮೇಲೆ

ತಿರುವನಂತಪುರದಲ್ಲಿ ಒಂದು ಕಾಲಕ್ಕೆ ಕರೆಂಟ್ ಬಿಲ್ಲಿಗೆ ಒಂದು ಕಚೇರಿ, ನೀರಿನ ಬಿಲ್ಲಿಗೆ ಇನ್ನೊಂದು, ಮನೆ ಕಂದಾಯಕ್ಕೆ ಮತ್ತೊಂದು. ಮೂರೂ ಕಟ್ಟಿ ಬರಬೇಕೆಂದರೆ ದಿನಗೂಲಿಯವರಿಗೆ ಒಂದು ದಿನದ ದುಡಿಮೆ ಹೋಯಿತೆಂದೇ ಲೆಕ್ಕ. 2000ದ ಜೂನ್‌ನಲ್ಲಿ ಅಲ್ಲಿ 'ಫ್ರೆಂಡ್ಸ್' ಎಂಬ ಜನಸೇವನ ಕೇಂದ್ರ ತೆರೆಯಿತು. ಯಾವ ಇಲಾಖೆಯ ಬಿಲ್ಲನ್ನಾದರೂ ಯಾವ ಕೌಂಟರಿನಲ್ಲಾದರೂ ಕಟ್ಟಬಹುದಿತ್ತು, ಅದೂ ಭಾನುವಾರ ಕೂಡ.

ಇದರ ಹಿಂದಿದ್ದ ಉಪಾಯ ತೀರಾ ಸರಳ. ಆಗ ಹೆಚ್ಚಿನ ಇಲಾಖೆಗಳ ಲೆಕ್ಕ ಇನ್ನೂ ಲೆಡ್ಜರಿನಲ್ಲೇ ಇತ್ತು. ಅವೆಲ್ಲ ಗಣಕೀಕರಣವಾಗಲಿ ಎಂದು ಕಾಯುತ್ತಾ ಕೂತಿದ್ದರೆ ಹತ್ತು ವರ್ಷವಾದರೂ ಬಾಗಿಲು ತೆರೆಯುತ್ತಿರಲಿಲ್ಲವೇನೋ. ಸರ್ಕಾರದ್ದೇ ಸಂಸ್ಥೆಯಾದ ಸಿ-ಡಿಟ್ ಮಾಡಿಕೊಟ್ಟ ತಂತ್ರಾಂಶ ಹಣ ಕಟ್ಟಿದ್ದನ್ನು ದಾಖಲಿಸಿ ರಸೀದಿ ಕೊಡುತ್ತಿತ್ತು. ಇಲಾಖಾವಾರು ಪಟ್ಟಿ ಮುದ್ರಿಸಿ ಕಳಿಸಿದರೆ, ಅಲ್ಲಿನ ಗುಮಾಸ್ತರು ಅದನ್ನು ಪುಸ್ತಕಕ್ಕೆ ಏರಿಸಿಕೊಳ್ಳುತ್ತಿದ್ದರು. ಮುಂದೆ ಕಂಪ್ಯೂಟರು, ಹಿಂದೆ ಅದೇ ಹಳೆಯ ಲೆಡ್ಜರು. ಕೌಂಟರಿನಲ್ಲಿ ಕೂತವರೂ ಆಯಾ ಇಲಾಖೆಗಳಿಂದಲೇ ಬಂದ ನೌಕರರು. ಮುಂದೆ 14 ಜಿಲ್ಲೆಗಳಲ್ಲೂ, ಕಾಸರಗೋಡಿನಲ್ಲೂ, ಇಂಥ ಕೇಂದ್ರ ಬಂತು.

ಅದೇ ಹೊತ್ತಿಗೆ ಕರ್ನಾಟಕದ 'ಭೂಮಿ' ಹಿಡಿದದ್ದು ಇದಕ್ಕೆ ತಿರುಗುಮುರುಗಾದ ದಾರಿ. ಸುಮಾರು 2 ಕೋಟಿ ಪಹಣಿಗಳನ್ನು ಮೊದಲು ಕಂಪ್ಯೂಟರಿಗೆ ಏರಿಸಿ, ಕೈಬರಹದ ಪಹಣಿಯನ್ನೇ ರದ್ದುಮಾಡಿದರು. ಅಲ್ಲಿ ರೈತನ ಕಷ್ಟವಿದ್ದದ್ದು ಸಾಲಿನಲ್ಲಲ್ಲ, ಗ್ರಾಮಲೆಕ್ಕಿಗರ ಕೈಲಿದ್ದ ಪುಸ್ತಕದಲ್ಲಿ. ಹೊಸ ಕೌಂಟರು ಹಾಕಿದ್ದರೆ ಅದು ತೀರುತ್ತಿರಲಿಲ್ಲ.

ಫ್ರೆಂಡ್ಸ್ ದಾರಿಗೂ ಒಂದು ಮಿತಿ ಇತ್ತು. ಪಟ್ಟಿಯ ಒಂದು ಸಾಲು ಏರಿಸುವಾಗ ತಪ್ಪಿದರೆ, ಕೈಯಲ್ಲಿ ರಸೀದಿ ಇದ್ದವರ ಹೆಸರಿನ ಮುಂದೆಯೂ ಬಾಕಿ ಹಾಗೇ ಉಳಿಯುತ್ತದೆ. ಮೇಲಾಗಿ, ಹಣ ಕಟ್ಟಿಸಿಕೊಳ್ಳಲು ಸಾಕಾಗುವ ಈ ಏರ್ಪಾಡು ಮನೆ ಕಟ್ಟುವ ಪರವಾನಗಿಗೆ ಸಾಲದು. ಅದಕ್ಕೆ ಕಡತವೇ ಮೇಜಿನಿಂದ ಮೇಜಿಗೆ ಸಾಗಬೇಕು.

ಆ ಕೆಲಸ ಇನ್ಫರ್ಮೇಶನ್ ಕೇರಳ ಮಿಷನ್‌ನದು. 1996ರಲ್ಲಿ ಶುರುವಾದ ಜನಕೀಯ ಯೋಜನೆ ಸ್ಥಳೀಯ ಸಂಸ್ಥೆಗಳ ಕೈಗೆ ದೊಡ್ಡ ಮೊತ್ತವನ್ನೇ ಕೊಟ್ಟಿತ್ತು. ಆ ಸಂಸ್ಥೆಗಳ ಗಣಕೀಕರಣಕ್ಕೆಂದು 1999ರಲ್ಲಿ ಈ ಮಿಷನ್ ಹುಟ್ಟಿತು. ಜನನ, ಮರಣ, ಮದುವೆ ನೋಂದಣಿಗೆ 'ಸೇವನ' ಬಂತು. ಒಂದೊಂದು ಕೆಲಸಕ್ಕೆ ಒಂದೊಂದು ತಂತ್ರಾಂಶ, ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಕೊಚ್ಚಿ ನಗರಪಾಲಿಕೆ ಬೇರೆಯದೇ ಇ-ಆಡಳಿತ ಯೋಜನೆ ಹಾಕಿಕೊಂಡು, ಅದು ವರ್ಷಗಟ್ಟಲೆ ಎಳೆದಾಡಿತು.

ಕೊನೆಗೆ ಎಲ್ಲವನ್ನೂ ಒಂದೇ ಕಡೆ ತರುವ 'ಕೆ-ಸ್ಮಾರ್ಟ್' 2024ರ ಜನವರಿ 1ರಂದು ಉದ್ಘಾಟನೆಯಾದದ್ದೂ ಕೊಚ್ಚಿಯಲ್ಲೇ. ಮೊದಲು 87 ನಗರಸಭೆ, 6 ನಗರಪಾಲಿಕೆಗಳಲ್ಲಿ. 2025ರ ಏಪ್ರಿಲ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೆ. ಈಗ ಅರ್ಜಿ ಯಾರ ಮೇಜಿನ ಮೇಲಿದೆ ಎಂಬುದು ಅರ್ಜಿದಾರರ ಫೋನಿನಲ್ಲೇ ಕಾಣುತ್ತದೆ.

ಫೋನಿನಲ್ಲಿ ಅರ್ಜಿ ತುಂಬಲು ಬಾರದವರು ಅಕ್ಷಯ ಕೇಂದ್ರಕ್ಕೆ ಹೋಗುತ್ತಾರೆ. 2002ರಲ್ಲಿ ಮಲಪ್ಪುರಂನಲ್ಲಿ ಅಕ್ಷಯ ಆರಂಭವಾದದ್ದು ಮನೆಗೊಬ್ಬರಿಗಾದರೂ ಕಂಪ್ಯೂಟರು ಕಲಿಸಲೆಂದು. ಈಗ ಅಲ್ಲಿ ಶುಲ್ಕ ಕೊಟ್ಟರೆ ಅವರೇ ಅರ್ಜಿ ತುಂಬಿಕೊಡುತ್ತಾರೆ.