ಕಲ್ಲಿದ್ದಲಿನ ಬೆರಕೆ

ಬೆರಕೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮಗೆ ಕಲಬೆರಕೆಯ ನೆನಪಾಗುತ್ತದೆ. ಅಕ್ಕಿಗೆ ಕಲ್ಲು ಸೇರಿಸುವುದು ವಂಚನೆ. ಆದರೆ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲನ್ನು ಬೆರೆಸುವುದು ಅದರಲ್ಲಿರುವ ಕಲ್ಲಿನ ಪಾಲನ್ನು ಇಳಿಸುವುದಕ್ಕಾಗಿ.

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. 1902ರ ಶಿವನಸಮುದ್ರದಿಂದ ಶರಾವತಿಯವರೆಗೆ ನಮ್ಮದು ಬಹುಮಟ್ಟಿಗೆ ನೀರಿನಿಂದ ಪಡೆದ ಬೆಳಕು. 1985ರಲ್ಲಿ ರಾಯಚೂರು ಸ್ಥಾವರದ ಮೊದಲ ಘಟಕ ಶಕ್ತಿನಗರದಲ್ಲಿ ಆರಂಭವಾಯಿತು. 2017-18ರಲ್ಲಿ ನಮ್ಮ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ತಲಾ 800 ಮೆಗಾವ್ಯಾಟಿನ ಮೂರು ಘಟಕಗಳು ಕೆಲಸಕ್ಕೆ ತೊಡಗಿದವು. ನೀರು ಆಲಮಟ್ಟಿಯದು; ಇದ್ದಲು ಮಾತ್ರ ಪರನಾಡಿನಿಂದ ಬರಬೇಕು.

ಭಾರತದ ಇದ್ದಲು ಬಹುಪಾಲು ಗೊಂಡ್ವಾನ ಕಾಲದ್ದು. ನದಿಗಳು ಹೊತ್ತುತಂದ ಸಸ್ಯರಾಶಿಯೊಡನೆ ಮಣ್ಣೂ ಕೂಡಿ ಅದು ಉಂಟಾಯಿತು. ಗಂಧಕ ಕಡಿಮೆಯಾದರೂ ಬೂದಿ ಹೆಚ್ಚು. ಬೂದಿಯನ್ನು ನೂರಾರು ಮೈಲಿ ರೈಲಿನಲ್ಲಿ ಸಾಗಿಸುವುದು ವ್ಯರ್ಥವೆಂದೇ, ಗಣಿಯಿಂದ 1000 ಕಿಲೋಮೀಟರಿಗೂ ದೂರವಿರುವ ಸ್ಥಾವರಗಳು ಶೇಕಡಾ 34ಕ್ಕಿಂತ ಹೆಚ್ಚು ಬೂದಿಯ ಇದ್ದಲನ್ನು ಬಳಸಬಾರದೆಂದು ಕೇಂದ್ರ ಸರ್ಕಾರ 1997ರಲ್ಲಿ ನಿಯಮ ಮಾಡಿತು. ಇದ್ದಲನ್ನು ತೊಳೆದಾದರೂ ಬೆರೆಸಿಯಾದರೂ ಆ ಮಿತಿಗೆ ತರಬಹುದಾಗಿತ್ತು.

ಲೆಕ್ಕ ಸರಳ. ಶೇಕಡಾ 40 ಬೂದಿಯ 80 ಟನ್ನಿಗೆ ಶೇಕಡಾ 10 ಬೂದಿಯ 20 ಟನ್ ಕೂಡಿಸಿದರೆ, ನೂರು ಟನ್ನಿನಲ್ಲಿ 34 ಟನ್ ಬೂದಿ. ಎರಡು ರಾಶಿಗಳಿಂದ ಗೊತ್ತಾದ ಪ್ರಮಾಣದಲ್ಲಿ ಒಂದೇ ಪಟ್ಟಿಯ ಮೇಲೆ ಇದ್ದಲನ್ನು ಸುರಿಯುತ್ತಾರೆ. ಇಲ್ಲವೇ ಪದರ ಪದರವಾಗಿ ಹರಡಿ ಅಡ್ಡಲಾಗಿ ಕೊಯ್ದು ತೆಗೆಯುತ್ತಾರೆ. ಆದರೆ ಕುಲುಮೆ ಬರಿಯ ಸರಾಸರಿಯನ್ನು ಒಪ್ಪದು. ಎರಡು ಬೂದಿಗಳು ಕೂಡಿದಾಗ ಕರಗುವ ಉಷ್ಣತೆ ಎಣಿಕೆಗಿಂತ ಕೆಳಗಿಳಿದು, ಬೂದಿ ಕೊಳವೆಗಳಿಗೆ ಅಂಟಿಕೊಳ್ಳಬಹುದು. ಆಮದಾದ ಕೆಲವು ಇದ್ದಲುಗಳು ರಾಶಿಯಲ್ಲಿಯೇ ತಾವಾಗಿ ಹೊತ್ತಿಕೊಳ್ಳುತ್ತವೆ.

ಶೇಕಡಾ 34ರ ಮಿತಿಯನ್ನು 2020ರಲ್ಲಿ ತೆಗೆದುಹಾಕಲಾಯಿತು. 2022ರಲ್ಲಿ ಇದ್ದಲಿನ ಕೊರತೆಯಾದಾಗ ಶೇಕಡಾ 10ರಷ್ಟು ಆಮದು ಇದ್ದಲನ್ನು ಬೆರೆಸುವಂತೆ ಸರ್ಕಾರ ಸೂಚಿಸಿತು. ಆಗ ಪ್ರಶ್ನೆ ಬೂದಿಯದಾಗಿರಲಿಲ್ಲ, ಕುಲುಮೆಯ ಹಸಿವಿನದಾಗಿತ್ತು.

ಬೂದಿಯ ಪ್ರಶ್ನೆಯಾದರೋ ಊರಿನಲ್ಲಿ ಉಳಿಯಿತು. ಸ್ಥಾವರವನ್ನು ವಿರೋಧಿಸಿ ಕೂಡಗಿಯ ಸುತ್ತಲಿನ ರೈತರು ಚಳುವಳಿ ಹೂಡಿದ್ದರು. 2014ರ ಜುಲೈಯಲ್ಲಿ ಅಲ್ಲಿ ಪೊಲೀಸರ ಗುಂಡೂ ಹಾರಿತು. ತಮ್ಮ ನೆಲ, ನೀರು, ಗಾಳಿಗಳ ಮೇಲೆ ಏನು ಬಂದು ಬೀಳುವುದೆಂಬುದೇ ಅವರ ಕಳವಳ. ಬೂದಿ ಸಿಮೆಂಟಿಗೆ, ಇಟ್ಟಿಗೆಗೆ ಉಪಯೋಗವಾಗುವುದು ನಿಜ. ಆದರೆ ಒಯ್ಯುವವರು ಬರುವವರೆಗೆ ಅದು ಇಲ್ಲಿಯೇ ಇರಬೇಕು.

ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ತೋಟಗಳಲ್ಲಿ ಮೋಟಾರು ತಿರುಗುವಾಗ, ನಗರದಲ್ಲಿ ದೀಪ ಹೊತ್ತಿದಾಗ, ಬೂದಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನೂರು ಟನ್ನಿನಲ್ಲಿ 40 ಇದ್ದುದು 34 ಆದರೆ, ಉಳಿದ ಆ ಆರು ಟನ್ನಿನ ಬೆಲೆ ತಿಳಿಯುವುದು ಸ್ಥಾವರದ ಮಗ್ಗುಲಲ್ಲಿ ಜೋಳ ಬಿತ್ತುವವನಿಗೆ. ಬೆರಕೆಯ ಪ್ರಮಾಣವನ್ನು ಗೊತ್ತುಮಾಡುವಾಗ ಅವನ ಹೊಲವೂ ಲೆಕ್ಕದೊಳಗೆ ಬರಬೇಕು.