ಬಂಡೆಯಿಂದ ಇಳಿದ ಲಿಪಿಕಾರ

ಆರ್ಮೇನಿಯದ ಈಶಾನ್ಯ ಮೂಲೆಯಲ್ಲಿ, ತವೂಷ್ ಕೋಟೆಗೆ ತೆಂಕಣಕ್ಕೆ, ಲೊರೂತ್ ಎಂಬ ಹಳ್ಳಿಯ ಎದುರು ಕಡಿದಾದ ಬಂಡೆಯೊಂದಿತ್ತು. ಅದರ ನೆತ್ತಿಯ ಬಳಿ ಗುಹೆ ಕೊರೆದು, ಒಳಗೊಂದು ಪುಟ್ಟ ಇಗರ್ಜಿ ಮಾಡಿ, ತಾವು ಕೂಡಿಟ್ಟ ಗ್ರಂಥಗಳೊಡನೆ ನೆಲೆಸಿದವರು ವನಕನ್ ವರ್ದಪೇತ್. ಶಾಸ್ತ್ರ ಬಲ್ಲ, ಪಾಠ ಹೇಳುವ ಅಧಿಕಾರ ಪಡೆದ ಸನ್ಯಾಸಿಯನ್ನು ಆ ನಾಡಿನವರು ವರ್ದಪೇತ್ ಎಂದು ಕರೆಯುತ್ತಿದ್ದರು. ಅವರ ಮೊದಲಿನ ಮಠ ಸುಲ್ತಾನ್ ಜಲಾಲುದ್ದೀನನ ದಾಳಿಯಲ್ಲಿ ಹಾಳಾಗಿತ್ತು. ಗುಹೆಗೂ ವಿದ್ಯಾರ್ಥಿಗಳು ಹುಡುಕಿಕೊಂಡು ಬಂದರು. ಗಂಜಾಕ್ ಊರಿನ ಕಿರಾಕೋಸ್ ಅವರಲ್ಲೊಬ್ಬ.

ಗುರುವಿನ ಬಾಳನ್ನು ಶಿಷ್ಯ ಬರೆದಿಡುವುದು ಆರ್ಮೇನಿಯನ್ನರಲ್ಲಿ ಹಳೆಯ ಪದ್ಧತಿ. ಐದನೆಯ ಶತಮಾನದ ಆರಂಭದಲ್ಲಿ ಮೆಸ್ರೋಪ್ ಮಷ್ತೋತ್ಸ್ ಆ ಜನರ ಭಾಷೆಗೆ ಲಿಪಿ ಕೊಟ್ಟ. ಅವನ ಶಿಷ್ಯ ಕೊರ್ಯುನ್ ಗುರುವಿನ ಚರಿತೆ ಬರೆದ. ಅಲ್ಲಿಂದ ಮುಂದೆ ಆ ಜನಕ್ಕೆ ಬಂದ ವಿಪತ್ತು ಯಾವುದೇ ಇರಲಿ, ಅದರ ಪಕ್ಕದಲ್ಲಿ ಒಬ್ಬ ಸನ್ಯಾಸಿ ಶಾಯಿ ಕಲಸಿಕೊಂಡು ಕೂತೇ ಇರುತ್ತಿದ್ದ. 1064ರಲ್ಲಿ ಆನಿ ನಗರ ಸೆಲ್ಜುಕ್ ತುರ್ಕರ ಪಾಲಾದದ್ದನ್ನು ಅರಿಸ್ತಾಕೇಸ್ ಬರೆದ. ಆದರೆ ಶತ್ರುವಿನ ಪಾಳೆಯದೊಳಗೇ ಉಂಡು, ನಡೆದು, ಅವನ ಕಾಗದಪತ್ರ ಬರೆದುಕೊಟ್ಟು, ಆಮೇಲೆ ಇತಿಹಾಸಕ್ಕೆ ಕೈಹಾಕಿದವನು ಕಿರಾಕೋಸ್.

1236ರಲ್ಲಿ ಮಂಗೋಲರು ಬಂದರು. ಸುತ್ತಲ ಹಳ್ಳಿಗಳ ಜನ ಹೆಂಡಿರು ಮಕ್ಕಳೊಡನೆ ಗುಹೆಗೆ ನುಗ್ಗಿದರು. ಅದು ಬೇಸಗೆ, ವರ್ದವಾರ್ ಹಬ್ಬದ ದಿನಗಳು. ಆ ಹಬ್ಬದಲ್ಲಿ ಆರ್ಮೇನಿಯನ್ನರು ಇಂದಿಗೂ ಒಬ್ಬರ ಮೇಲೊಬ್ಬರು ನೀರೆರಚಿ ನಲಿಯುತ್ತಾರೆ. ಗುಹೆಯೊಳಗಾದರೋ ನೀರೇ ಮುಗಿಯಿತು. ಉಸಿರುಕಟ್ಟುವ ಸೆಕೆ, ಬಾಯಾರಿದ ಕೂಸುಗಳ ಅಳು. ಕೆಳಗಿನಿಂದ ಮಂಗೋಲರು ಕೂಗಿ ಹೇಳಿದರು: ಸಾಯುವುದೇಕೆ, ಇಳಿದು ಬನ್ನಿ, ನಿಮ್ಮನ್ನು ನಿಮ್ಮ ನೆಲದಲ್ಲೇ ಇರಗೊಡುತ್ತೇವೆ. ಆಣೆಯನ್ನೂ ಇಟ್ಟರು. ಜನ ಗುರುಗಳ ಕಾಲಿಗೆ ಬಿದ್ದರು.

ವನಕನ್ ಇಬ್ಬರು ಪಾದ್ರಿಗಳನ್ನು ಕರೆದುಕೊಂಡು ಇಳಿದರು. ಎದುರಿನ ದಿಬ್ಬದಲ್ಲಿ ಮೋಲಾರ್ ನೊಯನ್ ಎಂಬ ದಂಡನಾಯಕ ಬಿಸಿಲಿಗೆ ಛತ್ರಿ ಹಿಡಿಸಿಕೊಂಡು ಕೂತಿದ್ದ. ಬಂದವರು ಮೊಣಕಾಲೂರಿ ಮೂರು ಬಾರಿ ನಮಿಸಬೇಕು ಎಂದು ಆಜ್ಞೆಯಾಯಿತು. ಆಮೇಲೆ ಮೂಡಣಕ್ಕೆ ತಿರುಗಿ, ತಿಂಗಳುಗಟ್ಟಲೆ ಪಯಣದಾಚೆ ಇದ್ದ ಖಾನನಿಗೆ ಇನ್ನೊಂದು ನಮಸ್ಕಾರ. ನೀನು ಜ್ಞಾನಿಯೆಂದು ಕೇಳಿದ್ದೇನೆ, ನಾವು ಬಂದ ಸುದ್ದಿ ತಿಳಿದೂ ಎದುರುಗೊಳ್ಳಲು ಏಕೆ ಬರಲಿಲ್ಲ ಎಂದು ನಾಯಕ ಕೇಳಿದ. ನಿಮ್ಮ ಭಾಷೆ ಅರಿಯೆವು, ನಿಮ್ಮ ಕರುಣೆಯನ್ನೂ ಅರಿಯೆವು, ಭಯದಿಂದ ಅಡಗಿದೆವು ಎಂದರು ಗುರುಗಳು. ಅವರ ಕೊರಳಿಗೆ ಕತ್ತಿಯ ನೆರಳಿದ್ದ ಗಳಿಗೆಯಲ್ಲಿ ಬಂದ ಉತ್ತರವಿದು. ಇದಕ್ಕಿಂತ ಜಾಣ ರಾಯಭಾರ ಯಾವ ಅರಮನೆಯಲ್ಲಿ ನಡೆದೀತು?

ಜನ ಇಳಿದರು, ನೀರು ಕುಡಿದರು. ಇಗರ್ಜಿಯ ಶಿಲುಬೆ, ಪಾತ್ರೆ, ಸುವಾರ್ತೆಯ ಗ್ರಂಥಗಳೆಲ್ಲ ಸುಲಿಗೆಯಾದವು. ದುಡಿಯಬಲ್ಲವರನ್ನು ಆರಿಸಿ, ಗುರುಗಳೊಡನೆ ಸೆರೆ ಒಯ್ದರು. ಕಿರಾಕೋಸನಿಗೆ ಓದು ಬರಹ ಬರುತ್ತದೆಂದು ಗೊತ್ತಾದಾಗ ಅವನನ್ನು ಬೇರೆ ಮಾಡಿ, ಪತ್ರ ಬರೆಯುವ, ಬಂದದ್ದನ್ನು ಓದಿ ಹೇಳುವ ಕೆಲಸಕ್ಕೆ ಹಚ್ಚಿದರು. ಹಗಲು ಅವರೊಡನೆ ತಿರುಗಾಟ, ಸಂಜೆ ಗುರುವಿನ ಬಳಿಗೆ. ಕೆಲವೊಮ್ಮೆ ಬರಿಗಾಲು, ಕೆಲವೊಮ್ಮೆ ಜೀನಿಲ್ಲದ ಹೇರುಕುದುರೆ.

ಈ ತಿರುಗಾಟದಲ್ಲಿ ಅವನ ಕಣ್ಣು ಸುಮ್ಮನಿರಲಿಲ್ಲ. ಮಂಗೋಲರು ಕುದುರೆಮಾಂಸವನ್ನು ಉಪ್ಪಿಲ್ಲದೆ ಬೇಯಿಸಿ, ಸಣ್ಣಗೆ ಹೆಚ್ಚಿ, ಉಪ್ಪುನೀರಿನಲ್ಲಿ ಅದ್ದಿ ತಿನ್ನುತ್ತಿದ್ದರು. ಒಡೆಯನಿಗೂ ಆಳಿಗೂ ಒಂದೇ ಬಡಿಸುವಿಕೆ. ಹುಳಿಹಿಡಿದ ಕುದುರೆಹಾಲನ್ನೋ ದ್ರಾಕ್ಷಾರಸವನ್ನೋ ಕುಡಿಯುವ ಮೊದಲು ಒಬ್ಬನು ದೊಡ್ಡ ಬೋಗುಣಿ ಹಿಡಿದು, ಪುಟ್ಟ ಬಟ್ಟಲಿನಿಂದ ಆಕಾಶಕ್ಕೂ ನಾಲ್ಕು ದಿಕ್ಕಿಗೂ ಎರಚುತ್ತಿದ್ದ. ಹೊರಗಿನವರು ಊಟ ತಂದರೆ ವಿಷದ ಭಯಕ್ಕೆ ತಂದವನಿಗೇ ಮೊದಲ ತುತ್ತು. ಅವರ ಮೋರೆ, ಮಾತು, ಕಂಠ ಯಾವುದೂ ಕಿರಾಕೋಸನಿಗೆ ಹಿಡಿಸಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. ಹಾಗಿದ್ದೂ ಐವತ್ತಕ್ಕೂ ಹೆಚ್ಚು ಮಂಗೋಲ್ ಮಾತುಗಳನ್ನು ಅರ್ಥಸಹಿತ ಪಟ್ಟಿಮಾಡಿದ. ದ್ವೇಷವಿದ್ದವನು ಇಷ್ಟು ಶ್ರದ್ಧೆಯಿಂದ ನೋಡಿದನಲ್ಲ, ಅವನನ್ನು ನಾನು ನಂಬುವುದು ಇದಕ್ಕೇ.

ಶರತ್ಕಾಲ ಸಮೀಪಿಸಿತು. ಪಾಳೆಯ ದೂರದ ನಾಡಿಗೆ ಹೊರಡಲಿತ್ತು. ಸೆರೆಯವರು ಜೀವದ ಹಂಗು ತೊರೆದು ರಾತ್ರಿ ರಾತ್ರಿ ತಪ್ಪಿಸಿಕೊಂಡರು. ಹಗಲಲ್ಲಿ ಓಡಿ ಸಿಕ್ಕಿಬಿದ್ದ ಇಬ್ಬರು ಪಾದ್ರಿಗಳನ್ನು ಉಳಿದವರ ಕಣ್ಣೆದುರೇ ಕೊಂದರು. ಇತ್ತ ಗಾಗ್ ಕೋಟೆಯ ಕ್ರೈಸ್ತರು 80 ದಹೆಕನ್ ನಾಣ್ಯ ಕೊಟ್ಟು ವನಕನ್‌ರನ್ನು ಬಿಡಿಸಿಕೊಂಡರು. ಅದು ಮನುಷ್ಯರನ್ನಷ್ಟೇ ಅಲ್ಲ, ಪುಸ್ತಕಗಳನ್ನೂ ಸೆರೆಯಿಂದ ಬಿಡಿಸುತ್ತಿದ್ದ ಕಾಲ. ಮೂರು ದಶಕ ಹಿಂದೆ ಮೂಷ್ ಸೀಮೆಯವರು ಒಂದು ಧರ್ಮೋಪದೇಶ ಗ್ರಂಥವನ್ನು 4000 ನಾಣ್ಯ ತೆತ್ತು ಮರಳಿ ಪಡೆದಿದ್ದರು.

ಗುರು ಹೋದ ದಿನ ಮೋಲಾರ್ ಶಿಷ್ಯನನ್ನು ಸಮಾಧಾನಪಡಿಸಿದ. ನೀನು ನಮಗೆ ಬೇಕಾದವನು, ಅದಕ್ಕೇ ಬಿಡಲಿಲ್ಲ. ಹೆಂಡತಿಯಿದ್ದರೆ ಕರೆಸುತ್ತೇನೆ, ಇಲ್ಲದಿದ್ದರೆ ನಮ್ಮವಳನ್ನೇ ಕೊಡುತ್ತೇನೆ. ಒಂದು ಗುಡಾರ, ಸೇವೆಗೆ ಇಬ್ಬರು ಹುಡುಗರು, ನಾಳೆ ಕುದುರೆಯೂ ಬರುತ್ತದೆ! ಕಿರಾಕೋಸ್ ನಾಳೆಗೆ ಕಾಯಲಿಲ್ಲ. ಅದೇ ರಾತ್ರಿ ಓಡಿ, ತಾನು ಬೆಳೆದ ಗೆತಿಕ್ ಮಠ ಸೇರಿದ. ಮಠ ಸುಟ್ಟು ಬಿದ್ದಿತ್ತು.

1241ರಲ್ಲಿ ಇತಿಹಾಸ ಬರೆಯತೊಡಗಿದ. ಕ್ರೈಸ್ತಧರ್ಮ ಆರ್ಮೇನಿಯಕ್ಕೆ ಕಾಲಿಟ್ಟ ದಿನದಿಂದ ಮೊದಲಿಟ್ಟು ತನ್ನ ಕಾಲದವರೆಗೆ. ಮುಂದೆ ಕಿಲಿಕಿಯದ ಆರ್ಮೇನಿಯನ್ ದೊರೆ ಹೆತುಮ್ 1254ರಲ್ಲಿ ವೇಷ ಮರೆಸಿಕೊಂಡು ಹೊರಟು, ಮಂಗೋಲರ ರಾಜಧಾನಿ ಕಾರಾಕೋರಮ್‌ನಲ್ಲಿ ಮಂಗ್ಕೆ ಖಾನನನ್ನು ಕಂಡು ಮರುವರ್ಷ ಮರಳಿದ. ಆ ದಾರಿಯ ಊರುಗಳನ್ನು ಕಿರಾಕೋಸ್ ಒಂದೊಂದಾಗಿ ಹೆಸರಿಸಿದ್ದಾನೆ. ದೊರೆ ತಂದ ಕತೆಗಳಲ್ಲಿ ನಾಯಿರೂಪದ ಗಂಡಸರ ನಾಡೂ ಇದೆ, ಮಣ್ಣಿನ ಭಾರಿ ವಿಗ್ರಹಗಳೂ ಇವೆ. ಒಬ್ಬ ದೇವರು ಶಕ್ಮೋನಿಯ, ಅವನ ಅಧಿಕಾರ ಮುಗಿದ ಮೇಲೆ ಬರುವವನು ಮದ್ರಿನ್. ನಮ್ಮ ಶಾಕ್ಯಮುನಿಯೂ ಮೈತ್ರೇಯನೂ ಹದಿಮೂರನೆಯ ಶತಮಾನದ ಕ್ರೈಸ್ತ ಸನ್ಯಾಸಿಯ ಹಾಳೆಗೆ ನಡೆದು ಬಂದದ್ದು ಹೀಗೆ.

ವನಕನ್ 1251ರಲ್ಲಿ ತೀರಿಕೊಂಡರು. ಅವರೂ ಮಂಗೋಲರ ದಾಳಿಯ ಕಥನ ಬರೆದಿದ್ದರು, ಅದು ಉಳಿದಿಲ್ಲ. ಅವರ ಇನ್ನೊಬ್ಬ ಶಿಷ್ಯ ವರ್ದಾನ್, 1264ರಲ್ಲಿ ಮಂಗೋಲ್ ಒಡೆಯ ಹುಲಾಗುವಿನೆದುರು ನಿಂತು ಮಾತಾಡಿ ಬಂದವನು, ತನ್ನ ಇತಿಹಾಸದಲ್ಲಿ ಗುರುವನ್ನೂ ಸಹಪಾಠಿಯನ್ನೂ ನೆನೆದು, ಅವರು ಬರೆದದ್ದನ್ನು ತಾನು ಮತ್ತೆ ಹಿಗ್ಗಿಸುವುದಿಲ್ಲ ಎಂದು ಮುಂದೆ ಸಾಗುತ್ತಾನೆ. ಕಿರಾಕೋಸನ ಗ್ರಂಥ 1260ರ ದಶಕದಲ್ಲಿ, ಹುಲಾಗುವಿನ ಮಗ ಅಬಾಕ ಮತ್ತು ಉತ್ತರದ ಮಂಗೋಲ್ ಒಡೆಯ ಬರ್ಕೆಯ ನಡುವಣ ಕಾಳಗದ ವಿವರದಲ್ಲಿ ಅರ್ಧಕ್ಕೇ ನಿಂತುಹೋಗುತ್ತದೆ. ಕಿರಾಕೋಸ್ ತೀರಿಕೊಂಡದ್ದು 1271ರಲ್ಲಿ.